ಉಂಗುರಕ್ಕೆ ಸುತ್ತಿದ ನೂಲು

ಅಣ್ಣ ತೀರಿದ ಹದಿನೇಳನೆಯ ದಿನ
ಅತ್ತಿಗೆ ಉಮ್ಮಕ್ಕೆ ತಗಡಿನ ಪೆಟ್ಟಿಗೆ ಕಟ್ಟಿದಳು.
ಉಪ್ಪಳದ ಪೇಟೆಯವರೆಲ್ಲ
ಬಲ್ಲಾಳ್ತಿ ಎಂದು ಕರೆಯುತ್ತಿದ್ದದ್ದು ಅವಳನ್ನೇ.
ಬೀಡಿನ ಒಳಗೆ ಮಾತ್ರ ನೆಂಟರ ಪೈಕಿ,
ನಲವತ್ತೊಂದು ವರ್ಷ ಬಡಿಸಿದ ನೆಂಟರ ಪೈಕಿ.
ಚಿತೆಗೆ ಕೊಳ್ಳಿಯಿಟ್ಟ ಮಗ ಸದಾನಂದ
ಅಂಗಳದಲ್ಲಿ ಆಟೋ ತಿರುಗಿಸಿ ನಿಲ್ಲಿಸಿದ್ದ,
ಚಾವಡಿಯ ಮೆಟ್ಟಿಲು ಹತ್ತಲಿಲ್ಲ.
"ಬೀಗದ ಕೈ ಅಕ್ಕಿ ಪತ್ತಾಯದ ಮೇಲುಂಟು" ಎಂದಳು.
ಕೂತುಕೋ, ಎಲ್ಲಿಗೆ ಹೋಗುತ್ತಿ, ಎನ್ನಬೇಕಿತ್ತು ನಾನು.
ಎನ್ನಲಿಲ್ಲ.

ಬೀಗದ ಕೈಯ ಜೊತೆ, ಹಳದಿ ಬಟ್ಟೆಯಲ್ಲಿ,
ಪಟ್ಟದುಂಗುರ.
ಅಣ್ಣನದು ಸಪೂರ ಬೆರಳು. ಒಳಸುತ್ತಿಗೆ
ನಾನೇ ಸುತ್ತಿದ್ದ ನೂಲು ಬೆವರು ಕುಡಿದು ಕರಿದಾಗಿತ್ತು.
ಅದಕ್ಕೂ ಮೊದಲು ನಮ್ಮ ಮಾವನಿಗೆ
ಅಮ್ಮ ಸುತ್ತಿದ್ದಳು.
ಗದ್ದುಗೆ ಮಾವನಿಂದ ಅಳಿಯನಿಗೆ ದಾಟುತ್ತದೆ,
ನಡುವೆ ಒಬ್ಬ ಹೆಂಗಸು, ತೋಡಿಗೆ ಹಾಕಿದ ಸಂಕದ ಹಾಗೆ.
ದಾಟಿದವನು ಸಂಕದ ಹೆಸರು ಕೇಳುವುದುಂಟಾ?
ನನ್ನವರು ವರ್ಕಾಡಿಯಿಂದ ಶನಿವಾರ ಬಂದು
ಸೋಮವಾರ ಹೋಗುತ್ತಿದ್ದರು.
ಅವರೂ ಅಷ್ಟೇ, ಅವರ ಮನೆಯ ಗಂಡು, ಇಲ್ಲಿ ಯಾರೂ ಅಲ್ಲ.

ಹೆಣ್ಣು ಹುಟ್ಟಿದರೆ ಈ ಬೀಡಿನಲ್ಲಿ
ಊರಿಗೆಲ್ಲ ಬೆಲ್ಲ ಹಂಚುತ್ತಿದ್ದರಂತೆ.
ನಾನು ಹುಟ್ಟಿದಾಗ ಎರಡು ಅಚ್ಚು ಹೆಚ್ಚೇ ಹಂಚಿದರಂತೆ.
ಅಷ್ಟು ಬೇಕಾದವಳಿಗೆ
ಕೂರುವ ಮಣೆ ಮಾತ್ರ ಒಲೆಯ ಹತ್ತಿರ.

ಒಂದು ರಾತ್ರಿ, ಕರೆಂಟು ಹೋಗಿತ್ತು,
ನೂಲು ಬಿಚ್ಚಿದೆ. ಹಾಕಿಕೊಂಡೆ.
ಸರಿಯಾಯಿತು.
ಅರವತ್ತೆಂಟು ವರ್ಷದ ಈ ಗಂಟುಬೆರಳಿಗೇ ಅಳತೆ ತೆಗೆದು
ಯಾವನೋ ಅಕ್ಕಸಾಲಿ ಎಂದೋ ಮಾಡಿಟ್ಟ ಹಾಗೆ.
ಆಮೇಲೆ ಹೊರಗೆ ಬರಲೊಲ್ಲದು.
ತೆಂಗಿನೆಣ್ಣೆ ಆಯಿತು, ಸಾಬೂನು ಆಯಿತು, ಬೆಳಗೂ ಆಯಿತು.
ರೇಶನ್ನಿನ ಕೊನೆಯ ದಿನ ಬೇರೆ.
ಸೆರಗಿನಲ್ಲಿ ಕೈ ಸುತ್ತಿಕೊಂಡು ಹೋದರೆ
ಕುಂಞಾಲಿ ಎನ್ನುತ್ತಾನೆ, "ಯಂತ್ರದ ಮೇಲೆ ಬೆರಳಿಡಿ ಅಕ್ಕ,
ಕಾರ್ಡಿನಲ್ಲಿ ಯಜಮಾನಿ ನೀವೇ ಅಲ್ಲವಾ."
ಮಲಯಾಳದ ಅಕ್ಷರದಲ್ಲಿ ಚೆನ್ನಕ್ಕೆ ಎಂಬ ನಾನು
ಚೆನ್ನಿಕ ಆಗಿದ್ದೆ; ಇರಲಿ, ಯಜಮಾನಿಯಂತೂ ಹೌದು.
ಇಟ್ಟೆ. ಯಂತ್ರ ಒಪ್ಪಲಿಲ್ಲ.
"ಸವೆದು ಹೋಗಿದೆ, ಬೇರೆ ಬೆರಳು?"
ಅವನ ಕಣ್ಣು ಉಂಗುರದ ಮೇಲಿತ್ತು.
ಏನೂ ಕೇಳದೆ ಅಕ್ಕಿ ಅಳೆದ.
ಒಂದು ಹಿಡಿ ಹೆಚ್ಚಿಗೆ ಬಿತ್ತೋ, ನನಗೆ ಹಾಗೆ ಕಂಡಿತೋ.

ಗಡಿ ಹಿಡಿಯುವ ದಿನ
ಸಹಕಾರಿ ಬ್ಯಾಂಕಿಗೆ ಮೂರು ದಿನ ರಜೆ ಹಾಕಿದ ನನ್ನ ಮಗ
ಯಶೋಧರನಾಗಿ ಮಣೆ ಹತ್ತಿ
ಹನ್ನೊಂದನೆಯ ದೇರಣ್ಣ ಬಲ್ಲಾಳನಾಗಿ ಕೂತ.
ನಾನಿಟ್ಟ ಹೆಸರು ಅಲ್ಲಿಗೆ ಮುಗಿಯಿತು.
ಕ್ರಮದ ಪ್ರಕಾರ ಮೊದಲು ತಾಯಿ ಕೈಮುಗಿಯಬೇಕು. ಮುಗಿದೆ.
"ಬೇಡಮ್ಮಾ" ಎಂದು ತುಟಿ ಮಾತ್ರ ಅಲ್ಲಾಡಿತು ಅವನದು.

ಮೂಲೆಯಲ್ಲಿ ಏಳು ತಿಂಗಳ ಬಸುರಿ ಮಗಳು.
ಕಾಞಂಗಾಡಿನ ಆಸ್ಪತ್ರೆಯಲ್ಲಿ ನರ್ಸು,
ಮದುವೆ ಅಲ್ಲೇ, ಯಾರನ್ನೂ ಕೇಳದೆ.
ಹಿರಿಯ ಗುರುವಪ್ಪಣ್ಣ ಎಲೆಯಡಿಕೆ ಉಗುಳಿ ಬಂದು ತೀರ್ಪು ಕೊಟ್ಟರು:
"ಗಂಡ ಯಾರಾದರೂ ಆಗಲಿ, ಹೊಟ್ಟೆ ನಮ್ಮದು."
"ಹೊಟ್ಟೆ ನನ್ನದು" ಎಂದಳು ಅವಳು,
ಮಾತ್ರೆಯ ಹೊತ್ತು ಹೇಳಿದಷ್ಟೇ ಸಣ್ಣಗೆ.

ಸೊಸೆ ಕಂಬಕ್ಕೆ ಒರಗಿದ್ದಳು. ನಾಳೆಯಿಂದ ಬಲ್ಲಾಳ್ತಿ.
ಹತ್ತಿರ ಹೋಗಿ ಹೇಳಿದೆ:
"ಪೆಟ್ಟಿಗೆ ತೆಗೆಯುವುದಾದರೆ ಚಕ್ರ ಇರುವುದು ತೆಗೆ, ಮಗಾ."
ನಕ್ಕಳು. ಅರ್ಥವಾಗಿ ನಕ್ಕಳೋ, ಗೊತ್ತಾಗಲಿಲ್ಲ.

ಉಂಗುರ ಹೇಗೆ ಬಂತೆಂದು ಯಾರೂ ಕೇಳಲಿಲ್ಲ.
ಚರ್ಮ ಹೋಗಿತ್ತು ಸ್ವಲ್ಪ.
ಹೊಸ ನೂಲು ಸುತ್ತಿ ಕೊಟ್ಟಿದ್ದೆ, ಈ ಸಲ ಸಡಿಲ.
ಊಟದ ಹೊತ್ತಿಗೆ ಮಗನ ಬೆರಳಿನಿಂದ ಜಾರಿ
ಸಾರಿನ ತಪ್ಪಲೆಯೊಳಗೆ ಬಿತ್ತು.
ಪಂಕ್ತಿ ಸುಮ್ಮನಾಯಿತು. ಹೆಕ್ಕುವವರು ಯಾರು?
ಸೌಟು ಹಿಡಿದಿದ್ದವಳು ಸೊಸೆ. ಹೆಕ್ಕಿದಳು.
ಸೆರಗಿನಲ್ಲಿ ಒರಸಿ, ಒಂದು ಗಳಿಗೆ,
ತನ್ನ ಬೆರಳಿನ ಹತ್ತಿರ ಹಿಡಿದು ನೋಡಿದಳು.

ನಾನು ಮಜ್ಜಿಗೆ ತರಲು ಒಳಗೆ ಹೋದೆ.