ಗೆರಿ

ರಾತ್ರಿ ಹನ್ನೊಂದು. ಪ್ಲಾನಿಂಗ್ ಕೋಣೆಯ ಎ.ಸಿ. ಗೊರಕೆ.
ಮಾಪಣ್ಣನ ಎದೆ ನೂರಾ ಹತ್ತು ಹೋಳಾಗಿ
ಪರದೆಯ ಮೇಲೆ. ಒಂದೊಂದರಲ್ಲೂ
ಗಡ್ಡೆಯ ಸುತ್ತ ಕೆಂಪು ಗೆರೆ ಎಳೆಯುವುದು ನನ್ನ ಪಾಳಿ.
ಹಿಂದೆ ಬೆನ್ನುಹುರಿ, ಮುಂದೆ ಹೃದಯ; ಅವಕ್ಕೆ ಬೇರೆ ಬಣ್ಣ.
ಬೆಳಿಗ್ಗೆ ಮೇಡಂ ಬಂದು ಅರ್ಧ ಅಳಿಸುತ್ತಾರೆ.

ಶಹಾಬಾದಿನ ಖಣಿಯಲ್ಲಿ ಮೂವತ್ತು ವರ್ಷ ಫರಸಿ ಕಡಿದವನು.
ಎದೆಗೆ ನಾನು ನೀಲಿ ಗೆರೆ ಹಾಕುವಾಗ
ಇಳಿಯದ ಉಗುಳು ಒರೆಸಿಕೊಳ್ಳುತ್ತ ಅಂದಿದ್ದ:
"ಗೆರಿ ಮ್ಯಾಲೇ ಉಳಿ ಇಡಬ್ಯಾಡ್ರಿ ಡಾಕ್ಟರಬಾಯಿ,
ಒಂದ್ ಜ್ವಾಳದ ಕಾಳಷ್ಟು ಆಚಿಗಿ ಬಿಡ್ರಿ."
ಪುಸ್ತಕದಲ್ಲೂ ಅಷ್ಟೇ ಇದೆ, ಮಿಲಿಮೀಟರಿನಲ್ಲಿ.

ಹನ್ನೆರಡನೇ ದಿನ. ಕಲಬುರಗಿಯ ಏಪ್ರಿಲ್.
ಬಸ್ಸಿನಲ್ಲೇ ಬೆವರಿಗೆ ಗೆರೆ ಇಳಿದುಹೋಗಿತ್ತು.
ಬೈಸಿಕೊಳ್ಳುವ ಅಂಜಿಕೆಗೆ
ಹೆಂಡತಿಯ ಕಾಡಿಗೆಯಿಂದ ತಾನೇ ತಿದ್ದಿಕೊಂಡು ಬಂದಿದ್ದ,
ನೇರ, ನೂಲು ಹಿಡಿದಂತೆ,
ಎರಡು ಬೆರಳು ತಪ್ಪಿ.

ಸ್ಪಿರಿಟ್ಟಿನಲ್ಲಿ ಒರೆಸಿದೆ. ಮತ್ತೆ ಅಳೆದೆ.
ತೂಕ ಬರೆದೆ: ನಲವತ್ತೊಂದು. ಹೋದ ವಾರಕ್ಕಿಂತ ಒಂದು ಕಡಿಮೆ.
"ಗಂಜಿ ಇಳೀತದೇನು?"
"ಹೂಂರಿ." ಸುಳ್ಳು.
ಎಲ್ಲರೂ ಹೊರಬಂದೆವು. ದಪ್ಪ ಬಾಗಿಲು ತಾನೇ ಮುಚ್ಚಿತು.
ಕ್ಯಾಮೆರಾದಲ್ಲಿ ಅವನು
ಅಲುಗಾಡದೆ. ಕಲ್ಲಿನ ಹಾಗೆ ಅನ್ನಲಾರೆ;
ಕಲ್ಲಿಗೆ ಕಾಲ್ಬೆರಳು ನಡುಗುವುದಿಲ್ಲ.