ಮೂವತ್ತೆರಡು ಜೋಡಿ

ಮಾರ್ಚ್ ತಿಂಗಳು, ಹೊಳೆಯಲ್ಲಿನ್ನೂ ಮಂಜುಗಡ್ಡೆಯ ಚೂರು ತೇಲುವಾಗ
ಬಸ್ಸಿಳಿದು ಬರುತ್ತಾರೆ ಸಿಯೋಲ್‌ನ ಕಾಲೇಜು ಮಕ್ಕಳು.
ಒಂದೇ ಬಣ್ಣದ ಜಾಕೆಟ್ಟು, ಬೆನ್ನ ಮೇಲೆ ವಿಭಾಗದ ಹೆಸರು.
ಹೊಸಬರನ್ನು ಹಳಬರು ತಮ್ಮೊಳಗೆ ಮಾಡಿಕೊಳ್ಳುವ ರಾತ್ರಿ.
ನನ್ನದು ದಂಡೆಯ ಮೇಲಿನ ಬಾಡಿಗೆ ಮನೆ;
ನೆಲ ಬೆಚ್ಚಗೆ, ಗೋಡೆ ತೆಳು.
ಕೆಳಗಿನ ಅಂಗಡಿಯೂ ನನ್ನದೇ.

ಹೊಸ್ತಿಲಲ್ಲಿ ಬಿಟ್ಟ ಬೂಟು ಎಣಿಸುವುದು ರೂಢಿ.
ಬಾಯಲ್ಲಿ ಹೇಳುವಾಗ ನಾಲ್ಕು ತಲೆ ಕಡಿಮೆ ಹೇಳುತ್ತಾರೆ,
ಬೂಟು ಸುಳ್ಳು ಹೇಳುವುದಿಲ್ಲ.
ಈ ಸಲ ಮೂವತ್ತೆರಡು ಜೋಡಿ.

ಸೋಜು ಆರು ಪೆಟ್ಟಿಗೆ, ಬಿಯರು ನಾಲ್ಕು,
ಹಂದಿಮಾಂಸ, ಸೊಪ್ಪು, ಕಾಗದದ ಲೋಟ ಇನ್ನೂರು.
ರಸೀತಿ ಹರಿದು ಕೊಟ್ಟವಳು ನಾನೇ.
ದುಡ್ಡು ತಂದವನು ಗ್ವಾನ್‌ಹೋ, ಸೈನ್ಯ ಮುಗಿಸಿ ಬಂದವನು,
ಅವನ ಗುರುತಿನ ಚೀಟಿ ನೋಡಿದೆ.
ಮಿಕ್ಕವರದು ಯಾರು ನೋಡುತ್ತಾರೆ?

ಹತ್ತೂವರೆಗೆ ಒಬ್ಬ ಇಳಿದು ಬಂದ. ಕಿವಿ ಕೆಂಪಗೆ.
ಬಾಳೆಹಣ್ಣಿನ ಹಾಲು ಕೇಳಿದ.
ಹೊಟ್ಟೆಯಲ್ಲಿ ಹಾಲಿದ್ದರೆ ಏರುವುದಿಲ್ಲವಂತೆ, ಅಲ್ವಾ ಅಜ್ಜಿ?
ಬೇಡದಿದ್ದರೆ ಬಿಡು ಮಗಾ, ಅಂದೆ.
ನಕ್ಕ.
ಮನೆಯಲ್ಲೇ ಕೂತು ಓದಿದವನು ನಾನು, ಗೆಳೆಯರೇ ಇರಲಿಲ್ಲ,
ಈ ರಾತ್ರಿ ತಪ್ಪಿಸಿಕೊಂಡರೆ
ನಾಲ್ಕು ವರ್ಷ ಕ್ಯಾಂಟೀನಿನಲ್ಲಿ ಒಬ್ಬನೇ ಊಟ ಮಾಡಬೇಕು.
ಚಿಲ್ಲರೆ ಎಣಿಸಿಕೊಂಡೆ.
ಹೆಸರು ಹಾನ್‌ಗ್ಯೊಲ್ ಎಂದು ಆಮೇಲೆ ತಿಳಿಯಿತು,
ಗೋಡೆಯಾಚೆ ಎಲ್ಲರೂ ಅದನ್ನೇ ಕೂಗುತ್ತಿದ್ದರು.

ಮೂಗು ಹಿಡಿದರೆ ಬಾಯಿ ತೆರೆಯುತ್ತದೆ ಅನ್ನುತ್ತಾರೆ.
ಯಾರೂ ಮೂಗು ಹಿಡಿಯಲಿಲ್ಲ.
ಚಪ್ಪಾಳೆ ತಟ್ಟಿದರು, ಅಷ್ಟೆ.

ನಾನು ಸೊಸೆಯಾಗಿ ಬಂದಾಗ ಅತ್ತೆ ಕಲಿಸಿದ್ದಳು:
ಹಿರಿಯರು ಸುರಿದರೆ ಲೋಟ ಎರಡೂ ಕೈಯಲ್ಲಿ ಹಿಡಿ,
ಮುಖ ಪಕ್ಕಕ್ಕೆ ತಿರುಗಿಸಿ ಕುಡಿ,
ಅವರ ಲೋಟ ಖಾಲಿಯಾಗುವ ಮೊದಲು ಎತ್ತಿಕೋ ಸೀಸೆಯನ್ನು.
ಬೇಡ ಅನ್ನುವಾಗ ಕೈ ಎಲ್ಲಿಡಬೇಕು
ಅದನ್ನು ಯಾರೂ ಕಲಿಸಲಿಲ್ಲ,
ನಾನೂ ನನ್ನ ಮಕ್ಕಳಿಗೆ ಕಲಿಸಲಿಲ್ಲ.

ಒಂದು ಗಂಟೆಗೆ ಹಾಡು. ಎರಡಕ್ಕೆ ಯಾರೋ ಅತ್ತರು.
ಮೂರಕ್ಕೆ ನಿಶ್ಶಬ್ದ, ನಾನು ಸಮಾಧಾನದಿಂದ ಮಗ್ಗುಲು ಬದಲಿಸಿದೆ.
ಅವನ ಮಗ್ಗುಲು ಬದಲಿಸುವವರು ಯಾರೂ ಎಚ್ಚರವಿರಲಿಲ್ಲ.
ಅಂಗಾತ ಮಲಗಿಸಿ, ಅಕ್ಕರೆಯಿಂದ,
ಕುತ್ತಿಗೆಯ ತನಕ ರಜಾಯಿ ಹೊದಿಸಿದ್ದರು.

ಬೆಳಿಗ್ಗೆ ದೊಡ್ಡ ಪಾತ್ರೆಯಲ್ಲಿ ಮೊಳಕೆಕಾಳಿನ ಸಾರು ಕುದಿಯುತ್ತಿತ್ತು,
ಅಮಲಿಳಿಸಲು ಅದಕ್ಕಿಂತ ಮದ್ದಿಲ್ಲ.
ಮೂವತ್ತೆರಡು ಬಟ್ಟಲು ಜೋಡಿಸುತ್ತಿದ್ದೆ
ಒಬ್ಬ ಹುಡುಗಿ ಕಿರುಚುವಾಗ.

ತುಟಿ ನೇರಳೆ. ಬೆರಳಿನ ಉಗುರೂ.
ಆಂಬುಲೆನ್ಸಿನವರು ಓಡುತ್ತಲೇ ಏನೋ ಎಣಿಸುತ್ತಿದ್ದರು.

ಒತ್ತಾಯ ಮಾಡಿಲ್ಲ, ಅಂದ ಗ್ವಾನ್‌ಹೋ, ಗಡಗಡ ನಡುಗುತ್ತಾ.
ಮೊದಲ ವರ್ಷ ನನಗೂ ಇಷ್ಟೇ ಸುರಿದಿದ್ದರು.
ಪೊಲೀಸಿನವನು ನನ್ನ ಕಡೆ ತಿರುಗಿದ:
ಹುಡುಗ ಬೇಗ ಪರೀಕ್ಷೆ ಪಾಸಾದವನು,
ಹದಿನೇಳು ವರ್ಷ ಎರಡು ತಿಂಗಳು, ಗೊತ್ತಿತ್ತಾ?
ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಅಂದೆ.
ಬರೆದುಕೊಂಡ. ದಂಡದ ಚೀಟಿ ಬಂತು, ಕಟ್ಟಿದೆ.

ಆಸ್ಪತ್ರೆಗೆ ಫೋನು ಮಾಡಿದೆ, ಮೂರು ಸಲ.
ನೀವು ಅವನಿಗೆ ಏನಾಗಬೇಕು? ಅಂದರು.
ಹಾಲು ಮಾರಿದವಳು ಅನ್ನಲೇ?
ಮಿಕ್ಕದ್ದನ್ನೂ ಮಾರಿದವಳು ಅನ್ನಲೇ?
ಇಟ್ಟುಬಿಟ್ಟೆ.

ಮಧ್ಯಾಹ್ನದ ಬಸ್ಸಿಗೆ ಮೂವತ್ತೊಂದು ಜೋಡಿ ಹೊರಟವು.
ಉಳಿದದ್ದು ಬಿಳಿ ಬೂಟು, ಹೊಸದು,
ಅಳತೆ ಇನ್ನೂರ ಅರವತ್ತೈದು, ಒಳಗೆ ಬೆಲೆಯ ಚೀಟಿ ಹಾಗೇ.
ಆಕಾರ ಕೆಡದಿರಲೆಂದು ಹಳೆಯ ಪತ್ರಿಕೆ ತುರುಕಿ
ಮೆಟ್ಟಿಲ ಕೆಳಗೆ ಇಟ್ಟಿದ್ದೇನೆ.
ಕೇಳಲು ಯಾರಾದರೂ ಬರಬಹುದು.
ಅವನೇ ಬರಬಹುದು.
ಈಗಲೂ ಪೊರಕೆಗೆ ಸಿಗುತ್ತವೆ ಸೀಸೆಯ ಮುಚ್ಚಳ,
ಹಾಸಿನಡಿಯಿಂದ, ಒಲೆಯ ಸಂದಿನಿಂದ.

ನಿನ್ನೆ ಫೋನು. ಏಪ್ರಿಲ್ ಎರಡನೇ ಶನಿವಾರ ಖಾಲಿ ಇದೆಯಾ?
ಎಷ್ಟು ಜನ?
ಇಪ್ಪತ್ತೆಂಟು, ಅಂದಳು ಹುಡುಗಿ, ದನಿ ಗೆಲುವಾಗಿತ್ತು.
ಅಂದರೆ ಮೂವತ್ತೆರಡು.
ಸೋಜು ಎಷ್ಟು ಪೆಟ್ಟಿಗೆ ತರಿಸಲಿ
ಎಂಬ ಮಾತು, ನೋಡಿ,
ನಾಲಗೆಯ ತುದಿಯ ತನಕ ಬಂದಿತ್ತು.