ಇಪ್ಪತ್ತು

ಜ್ವರಕ್ಕೆ ಥರ್ಮಾಮೀಟರಿದೆ,
ಬಿಪಿಗೆ ಪಟ್ಟಿ, ನಾಡಿಗೆ ಬೆರಳು ಕಚ್ಚುವ ಕ್ಲಿಪ್ಪು.
ಉಸಿರಿಗೆ ಮಾತ್ರ ನಮ್ಮಲ್ಲಿ ಏನೂ ಇಲ್ಲ.
ಗಡಿಯಾರ ಹಿಡಿದು ಒಂದು ನಿಮಿಷ
ಇನ್ನೊಬ್ಬರ ಎದೆ ನೋಡುತ್ತ ನಿಲ್ಲಬೇಕು, ಅಷ್ಟೆ.

ನಲವತ್ತೆರಡು ಮಂಚ, ಇಬ್ಬರು ನಾವು.
ನಿಮಿಷ ಎಲ್ಲಿಂದ ತರೋಣ?
ಹಾಗಾಗಿ ಶಿವಮೊಗ್ಗದ ಈ ದೊಡ್ಡಾಸ್ಪತ್ರೆಯ ಮೂರನೇ ವಾರ್ಡಿನಲ್ಲಿ
ಎಲ್ಲರೂ ಒಂದೇ ಸಮ ಉಸಿರಾಡುತ್ತಾರೆ:
ಗೊರಕೆಯವರೂ, ನರಳುವವರೂ,
ನಾಳಿನ ಆಪರೇಷನ್ನಿಗೆ ಹೆದರಿ ಎದ್ದು ಕೂತವರೂ.
ಇಪ್ಪತ್ತು. ಇಪ್ಪತ್ತು. ಇಪ್ಪತ್ತು.
ಹಾಳೆಯ ಮೇಲಿನಿಂದ ಕೆಳಗೆ ನನ್ನದೇ ದುಂಡು ಅಕ್ಷರ.

ಹತ್ತೊಂಬತ್ತನೇ ಮಂಚದ ತೇಜಪ್ಪ ಅದನ್ನು ಹಿಡಿದುಬಿಟ್ಟರು.
ಸಾಗರದ ಲೈನಿನಲ್ಲಿ ಇಪ್ಪತ್ತಾರು ವರ್ಷ ಕಂಡಕ್ಟರು,
ಕರುಳಿನ ಆಪರೇಷನ್ನಾಗಿ ಎರಡನೇ ದಿನ.
"ಎಣಿಸ್ದೇ ಬರದ್ರಲ್ಲ ಸಿಸ್ಟರೇ,
ನಾವು ಹಿಂಗ್ ಬರ್ದಿದ್ರೆ ಆಯನೂರಲ್ಲೇ ಚೆಕಿಂಗ್ನೋರು ಹತ್ತಿರೋರು."
ನಕ್ಕೆ. ಅವರೂ ನಕ್ಕರು, ಹೊಲಿಗೆಯ ಮೇಲೆ ಕೈಯಿಟ್ಟು.

ಮರುರಾತ್ರಿ ಎರಡೂವರೆ.
ಜ್ವರ ತೊಂಬತ್ತೊಂಬತ್ತು, ಬಿಪಿಯದೂ ತಕರಾರಿಲ್ಲ.
"ಆರಾಮಿದೀನಿ" ಎಂದರು. ಆಮೇಲೆ ಮೆಲ್ಲಗೆ,
"ಚೋರಡಿ ಇಳಿಯೋರು ಮುಂದೆ ಬನ್ನಿ."
ನಿದ್ದೆಗಣ್ಣು ಅಂದರು ನೆಲದ ಚಾಪೆಯಿಂದ ಹೆಂಡತಿ ಗುತ್ಯಮ್ಮ.
ಪೆನ್ನು ಆಗಲೇ ಎರಡು ಬರೆದಿತ್ತು, ಸೊನ್ನೆ ಬಾಕಿ.

ಯಾಕೋ ನಿಂತೆ.
ಹೊದಿಕೆ ಸರಿಸಿ, ಕೈಗಡಿಯಾರ ದೀಪಕ್ಕೆ ಹಿಡಿದೆ.
ಕತ್ತಿನ ಬುಡದ ಗುಳಿ ಒಳಕ್ಕೆ ಸೇದಿ ಸೇದಿ ಬಿಡುತ್ತಿತ್ತು.
ಹತ್ತು, ಹದಿನೇಳು,
ಇಪ್ಪತ್ತು ಮುಗಿದಾಗ ಮುಳ್ಳು ಇನ್ನೂ ಏಳರ ಮೇಲೆ.
ಮೂವತ್ತನಾಲ್ಕು.

ಗೋಡೆಗೆ ಕೆಂಪು ಚೀಟಿ ಅಂಟಿಸಿದ್ದಾರೆ:
ಉಸಿರು ಮೂವತ್ತು ದಾಟಿದರೆ ಈ ನಂಬರಿಗೆ ಕರೆಯಿರಿ, ಯಾರು ಬೇಕಾದರೂ.
ಆ ಯಾರು ಬೇಕಾದರೂ ಎಂಬುದರಲ್ಲಿ
ನಾನಿಲ್ಲವೆಂದೇ ಅಂದುಕೊಂಡಿದ್ದೆ.
ಹೋದ ತಿಂಗಳು ಕರೆದಾಗ
"ಇಷ್ಟಕ್ಕೆಲ್ಲ ಎಬ್ಬಿಸ್ತೀರಾ" ಎಂದ ದನಿ
ಇನ್ನೂ ಕಿವಿಯಲ್ಲೇ ಕೂತಿತ್ತು.
ಬೆಳಗಾಗಲಿ, ರೌಂಡ್ಸಿಗೆ ಹೇಗೂ ಬರುತ್ತಾರಲ್ಲ...

ಬೆಳಗಾಗಲಿ ಎಂಬ ಮಾತು ನನಗೆ ಗೊತ್ತು.
ಆರು ವರ್ಷದ ಹಿಂದೆ, ಹೆಂಗಸರ ವಾರ್ಡು, ಹೆಸರು ಜುಬೇದಾ.
ಆರು ಗಂಟೆಗೆ ಇಪ್ಪತ್ತು ಎಂದು ಬರೆದಿದ್ದೆ.
ಆರೂ ನಲವತ್ತಕ್ಕೆ ಬರೆಯಲು ಏನೂ ಇರಲಿಲ್ಲ.
ಯಾರೂ ನನ್ನನ್ನು ಕೇಳಲಿಲ್ಲ. ಹಾಳೆ ಚೊಕ್ಕಟವಾಗಿತ್ತು.

ಕರೆದೆ.
"ಸಾರಿ ಡಾಕ್ಟ್ರೇ" ಅಂತ ಶುರುಮಾಡಿ, ಅದನ್ನು ನುಂಗಿ,
ಬರೀ ಲೆಕ್ಕ ಹೇಳಿದೆ:
ಮಂಚ ಹತ್ತೊಂಬತ್ತು, ಉಸಿರು ಮೂವತ್ತನಾಲ್ಕು, ಮಾತು ತಪ್ಪುತ್ತಿದೆ, ಬನ್ನಿ.

ನಾಲ್ಕು ನಿಮಿಷ.
ಡಾಕ್ಟರ್ ಸುಹಾನಾ ಓಡಿ ಬಂದರು, ಜಡೆ ಬಿಚ್ಚಿಕೊಂಡು,
ಒಂದು ಕಾಲಲ್ಲಿ ಯಾರದೋ ಚಪ್ಪಲಿ.
ಹೊಟ್ಟೆ ಒತ್ತಿದರು: ಹಲಗೆ.
ಆಕ್ಸಿಜನ್ನು, ರಕ್ತದ ಸ್ಯಾಂಪಲ್ಲು, ಎರಡೂ ಕೈಗೆ ಸಲೈನು,
ಇಂಜೆಕ್ಷನ್ ಈಗ, ಈಗ ಅಂದ್ರೆ ಈಗ!
ಅಟೆಂಡರ್ ರುದ್ರೇಶಿ ಸ್ಟ್ರೆಚರಿನ ಕುಂಟುಚಕ್ರವನ್ನು
ಒದ್ದು ಸರಿಮಾಡಿ ತಳ್ಳಿಕೊಂಡು ಹೋದ.
ಒಳಗೆ ಹೊಲಿಗೆ ಬಿಟ್ಟಿರಬೇಕಂತೆ. ಥಿಯೇಟರಿನ ದೀಪ ಹತ್ತಿತು.

ಗುತ್ಯಮ್ಮ ಕೇಳಿದರು,
"ಜ್ವರಾನೇ ಇರ್ಲಿಲ್ವಲ್ಲ, ನಿಮಗೆ ಹೆಂಗ್ ಗೊತ್ತಾತು?"
ಏನು ಹೇಳಲಿ. ಎಣಿಸಿದೆ ಎಂದರೆ
ಮಿಕ್ಕ ದಿನ ಎಣಿಸಿರಲಿಲ್ಲ ಎಂದೂ ಆಗುತ್ತದೆ.

ಬೆಳಗಿನವರು ಬಂದಾಗಲೂ ಆ ದೀಪ ಉರಿಯುತ್ತಲೇ ಇತ್ತು.
ಮಿಕ್ಕ ನಲವತ್ತೊಂದು ಮಂಚದ ಮುಂದೆಯೂ ನಿಂತು
ಒಂದು ಗಂಟೆ ತಡವಾಗಿ ಹೊರಟೆ.
ಹದಿನಾರು, ಇಪ್ಪತ್ತೆರಡು, ಹದಿನೆಂಟು:
ಒಬ್ಬೊಬ್ಬರದು ಒಂದೊಂದು.

ಗೋಪಾಳದ ಸಿಟಿ ಬಸ್ಸು.
ಕಂಡಕ್ಟರ್ ಹುಡುಗ ಕಿವಿಯ ಪೆನ್ನು ತೆಗೆದು
ಬಾಯಲ್ಲೇ ಅಂದುಕೊಂಡು ಬರೆದ: ಇಪ್ಪತ್ತು.
ಮೈ ಬೆವರಿತು.
ಹಿಂದೆ ತಿರುಗಿ ನಾನೂ ಎಣಿಸಿದೆ, ಒಂದೊಂದೇ ತಲೆ.
ಮಡಿಲ ಕೂಸೊಂದನ್ನು ಬಿಟ್ಟು
ಇಪ್ಪತ್ತೇ ಇದ್ದರು.